ಮಂಗಳಾರತಿಗೆ ಬಂದ ಉಗಿ ಎಂಜಿನ್

ಹೋದ ವಾರ ಸ್ಕೂಲಿನಲ್ಲಿ ನನ್ನ ಪೆನ್ಸಿಲ್ ಪೌಚ್ ತಲೆಕೆಳಗಾಗಿ, ಎರಡು ಪೆನ್ನು, ಒಂದು ರಬ್ಬರ್, ಯಾವ ಕಾಲದ್ದೋ ಒಂದು ಹುಣಸೆ ಕ್ಯಾಂಡಿ, ಜೊತೆಗೆ ಬೆರಳುದ್ದದ ಒಂದು ಸ್ಕ್ರೂಡ್ರೈವರ್ ಮೇಜಿನ ಮೇಲೆ ಬಿದ್ದವು. ಪಕ್ಕದ ಹುಡುಗಿ ಸ್ಕ್ರೂಡ್ರೈವರ್ ಯಾಕೆ ಎಂದು ಕೇಳಿದಳು. ಕನ್ನಡಕ ರಿಪೇರಿಗೆ ಅಂದೆ. ನನಗೆ ಕನ್ನಡಕ ಇಲ್ಲ. ಸುಳ್ಳು ಹೇಳುವುದರಲ್ಲಿ ಟೆಕ್ಸಸ್‌ನ ಈ ನಮ್ಮ ಇಡೀ ಫ್ಲೂಗರ್‌ವಿಲ್ ಊರಿಗೆ ನಾನೇ ಮೊದಲನೆಯವಳು, ಆದರೆ ಅವಸರದ ಸುಳ್ಳಿನಲ್ಲಿ ಆಗಾಗ ಹೀಗೆ ಎಡವುತ್ತೇನೆ.

ನಿಮಗಾದರೂ ನಿಜ ಹೇಳಿಬಿಡುತ್ತೇನೆ. ಆ ಸ್ಕ್ರೂಡ್ರೈವರ್‌ನಿಂದ ನಾನು ಒಂದು ಉಗಿ ಎಂಜಿನ್ ಕಟ್ಟಿದ್ದೇನೆ. ಅದೇ ಸ್ಕ್ರೂಡ್ರೈವರ್‌ನಿಂದ ಅದನ್ನು ಬಿಚ್ಚಿಯೂ ಇದ್ದೇನೆ. ಕಟ್ಟಿದ್ದು ಒಂದು ಸಲ, ಬಿಚ್ಚಿದ್ದು ಒಂಬತ್ತು ಸಲ.

ಉಗಿ ಎಂಜಿನ್ ಅಂದ ಕೂಡಲೇ ನೀವು ರೈಲು ಅಂದುಕೊಂಡಿರಿ, ಅಲ್ಲವೇ? ನಮ್ಮ ಮನೆಗೆ ಬಂದವರೆಲ್ಲ ಅದನ್ನೇ ಅಂದುಕೊಳ್ಳುತ್ತಾರೆ. ಇದಕ್ಕೆ ಹಳಿ ಬೇಡ, ಸ್ಟೇಷನ್ ಬೇಡ. ಟ್ರ್ಯಾಕ್ಟರ್ ಹುಟ್ಟುವುದಕ್ಕೆ ಮೊದಲು ಇಲ್ಲಿನ ರೈತರು ಸೌದೆ ಉರಿಸಿ, ನೀರು ಕುದಿಸಿ, ಹೊಲದಲ್ಲೇ ಓಡಿಸುತ್ತಿದ್ದ ಎಂಜಿನ್ ಇದು. ನೇಗಿಲು ಎಳೆಯುವುದು, ಬೆಲ್ಟ್ ಹಾಕಿ ಒಕ್ಕಣೆ ಯಂತ್ರ ತಿರುಗಿಸುವುದು ಇದರ ಕೆಲಸ. ಹಿಂದೆ ಎರಡು ದೈತ್ಯ ಚಕ್ರ, ಮುಂದೆ ಎರಡು ಪುಟ್ಟ ಚಕ್ರ, ನಡುವೆ ಅಡ್ಡ ಮಲಗಿದ ಬಾಯ್ಲರ್, ಮೂತಿಯ ಮೇಲೊಂದು ಹೊಗೆಕೊಳವೆ. ಪಂಚೆ ಎತ್ತಿ ಕಟ್ಟಿಕೊಂಡು ಜಗಳಕ್ಕೆ ಹೊರಟ ದಪ್ಪ ಮನುಷ್ಯನ ಹಾಗೆ ಕಾಣುತ್ತದೆ. ನನ್ನದು ಅದರ ಹದಿನಾರನೇ ಒಂದು ಪಾಲಿನ ಮಾದರಿ, ಉದ್ದ ಎರಡು ಗೇಣು. ನಮ್ಮ ಭಾನುವಾರದ ಕನ್ನಡ ಕ್ಲಾಸಿನಲ್ಲಿ ಇದರ ಬಗ್ಗೆ ಹತ್ತು ನಿಮಿಷ ಭಾಷಣ ಮಾಡಿ ಮೊದಲ ಬಹುಮಾನ ಹೊಡೆದಿದ್ದೇನೆ. ಸ್ಪರ್ಧೆಯಲ್ಲಿದ್ದವರು ಇಬ್ಬರು. ಇನ್ನೊಬ್ಬನಿಗೆ ಅವತ್ತು ಜ್ವರ.

ಇದು ಮನೆಗೆ ಬಂದಿದ್ದು ನನ್ನ ಬಾಯಿಯ ದೆಸೆಯಿಂದ. ನನಗೆ ಹದಿನೈದು ತುಂಬುವ ಹೊತ್ತಿಗೆ ಅಪ್ಪ ನನ್ನನ್ನು ಟೇಲರ್ ಅನ್ನುವ ಊರಿನ ಹತ್ತಿರದ ಒಂದು ಹೊಲಕ್ಕೆ ಕರೆದುಕೊಂಡು ಹೋದ. ಆ ರಸ್ತೆಯಲ್ಲಿ ನಮ್ಮ ಜನರೆಲ್ಲ ಕಂಪ್ಯೂಟರ್ ಚಿಪ್ ಕಾರ್ಖಾನೆ ನೋಡಿ ಕತ್ತು ಉಳುಕಿಸಿಕೊಳ್ಳುತ್ತಾರೆ. ನಾವು ಅದಕ್ಕೆ ಬೆನ್ನು ಹಾಕಿ ಮಣ್ಣು ದಾರಿ ಹಿಡಿದೆವು. ಅಲ್ಲಿ ಹ್ಯಾಟ್ ಹಾಕಿದ ಏಳೆಂಟು ಮುದುಕರು ತಮಗಿಂತ ವಯಸ್ಸಾದ ಎಂಜಿನ್‌ಗಳಿಗೆ ಸೌದೆ ಉಣ್ಣಿಸುತ್ತಿದ್ದರು. ಒಂದು ಎಂಜಿನ್ ಸೀಟಿ ಹೊಡೆದಾಗ ನಾನು ಅಪ್ಪನ ತೋಳು ಹಿಡಿದುಕೊಂಡೆ. ಚಿಕ್ಕವಳಾಗಿದ್ದಾಗ ಕುಕ್ಕರ್ ವಿಶಲ್‌ಗೆ ಹೆದರಿ ಟೇಬಲ್ ಕೆಳಗೆ ನುಗ್ಗುತ್ತಿದ್ದವಳು ನಾನು. ಅಪ್ಪ ಎತ್ತಿಕೊಂಡು, "ಅದು ಬೈತಿಲ್ಲ ಪುಟ್ಟಾ, ಅನ್ನ ಆಯ್ತು ಅಂತಿದೆ" ಅನ್ನುತ್ತಿದ್ದ. ಈಗ ತೋಳು ಹಿಡಿದದ್ದು ಗೊತ್ತಾಗಬಾರದು ಅಂತ ಜೋರಾಗಿ ಹೇಳಿದೆ:

"ಇದೇನ್ ಮಹಾ ಅಪ್ಪ! ಪಾರ್ಟ್ಸ್ ಕೊಟ್ರೆ ನಾನೂ ಕಟ್ತೀನಿ, ಕಣ್ ಮುಚ್ಕೊಂಡು."

"ಕಣ್ ಬಿಟ್ಕೊಂಡೇ ಕಟ್ಟು. ಬೆರಳು ಮುಂದಕ್ಕೂ ಬೇಕಾಗತ್ತೆ," ಅಂದ ಅಪ್ಪ. ಎರಡು ವಾರಕ್ಕೆ ಅಪ್ಪ ತರಿಸಿದ ಎಂಜಿನ್ ಕಿಟ್ಟಿನ ಡಬ್ಬ ಬಂತು. ಹೊತ್ತುತಂದ ಕೊರಿಯರಿನವನು ಬಾಗಿಲಲ್ಲಿ ಇಳಿಸಿ ಸೊಂಟ ಹಿಡಿದುಕೊಂಡು ನಿಂತ. ಒಳಗೆ ನಾಲ್ಕು ನೂರಕ್ಕೂ ಮಿಕ್ಕಿ ತುಂಡುಗಳು, ಅದರಲ್ಲಿ ಅರ್ಧ ಸಾಸಿವೆಗಿಂತ ಸ್ವಲ್ಪ ದೊಡ್ಡವು.

ಡಬ್ಬ ಬಂದಾಗ ಅಪ್ಪ ಮನೆಯಲ್ಲಿರಲಿಲ್ಲ. ಅವನು ಡಲ್ಲಾಸ್‌ಗೆ ಶಿಫ್ಟ್ ಆಗಿ ಎಂಟು ತಿಂಗಳಾಗಿತ್ತು. ಅಲ್ಲೊಂದು ಪ್ರಾಜೆಕ್ಟ್ ಇದೆ, ಮುಗಿದ ಮೇಲೆ ವಾಪಸ್ ಬರುತ್ತಾನೆ, ಹಾಗಂತ ಎಲ್ಲರಿಗೂ ಹೇಳಿದ್ದೆವು. ದೇವಸ್ಥಾನದಲ್ಲಿ ಸಿಕ್ಕ ಆಂಟಿಯರು ಪುಳಿಯೋಗರೆ ತಿನ್ನುತ್ತ ಕೇಳುತ್ತಿದ್ದರು, "ಅಪ್ಪಂದು ಪ್ರಾಜೆಕ್ಟ್ ಇನ್ನೂ ಮುಗೀಲಿಲ್ವೇನಮ್ಮಾ?" ನಾನು ದನಿ ತಗ್ಗಿಸಿ, "ತುಂಬಾ ಸೀಕ್ರೆಟ್ ಪ್ರಾಜೆಕ್ಟ್ ಆಂಟಿ, ನಮ್ಗೂ ಏನೂ ಹೇಳಲ್ಲ" ಅನ್ನುತ್ತಿದ್ದೆ. ಅವರ ಕಣ್ಣಲ್ಲಿ ಅಪ್ಪ ಆಗಲೇ ಬಾಹ್ಯಾಕಾಶ ನೌಕೆ ಹಾರಿಸುತ್ತಿದ್ದ. ನೋಡಿ, ಈ ಒಂದು ಸಲ ನಾನು ಹೇಳಿದ್ದು ಸುಳ್ಳಾಗಿರಲಿಲ್ಲ. ನಮಗೂ, ಅಂದರೆ ನನಗೂ, ಯಾರೂ ಏನೂ ಹೇಳಿರಲಿಲ್ಲ.

ಎರಡು ವಾರಕ್ಕೊಂದು ಶನಿವಾರ ಅಪ್ಪ ಮೂರೂವರೆ ಗಂಟೆ ಡ್ರೈವ್ ಮಾಡಿಕೊಂಡು ಬರುತ್ತಿದ್ದ. ಬಂದು ಬೆಲ್ ಒತ್ತುತ್ತಿದ್ದ. ತನ್ನ ಮನೆಯ ಬೆಲ್ಲನ್ನು ತಾನೇ ಒತ್ತಿ, ಹೊರಗೆ ಚಪ್ಪಲಿ ಬಿಟ್ಟು, ಯಾರಾದರೂ ಬಾಗಿಲು ತೆಗೆಯುವವರೆಗೆ ಫೋನ್ ನೋಡುತ್ತ ನಿಲ್ಲುತ್ತಿದ್ದ. ಆಮೇಲೆ ನಾವಿಬ್ಬರೂ ಗರಾಜಿಗೆ ಹೋಗಿ, ಅಪ್ಪನ ಕಾರು ಮೊದಲು ನಿಲ್ಲುತ್ತಿದ್ದ ಜಾಗದಲ್ಲಿ ಮೇಜು ಹಾಕಿಕೊಂಡು, ಸಂಜೆಯವರೆಗೆ ಎಂಜಿನ್ ಕಟ್ಟುತ್ತಿದ್ದೆವು. ಜಾಗ ಬೇಕಾದಷ್ಟಿತ್ತು.

ಸ್ಕ್ರೂ, ನಟ್‌ಗಳನ್ನೆಲ್ಲ ಅಮ್ಮನ ಹಳೇ ಒಗ್ಗರಣೆ ಡಬ್ಬಿಯಲ್ಲಿ ವಿಂಗಡಿಸಿದ್ದೆ. ಏಳು ಬಟ್ಟಲು, ಏಳು ಸೈಜು. ಎಷ್ಟು ತೊಳೆದರೂ ಡಬ್ಬಿಗೆ ಅಂಟಿದ ಇಂಗು ಹೋಗದೆ, ನಮ್ಮ ಎಂಜಿನ್ನಿನ ಸಿಲಿಂಡರಿಗೂ ಅದರ ವಾಸನೆ ಬರುತ್ತಿತ್ತು. ಒಂದು ಶನಿವಾರ ಅಡುಗೆಮನೆಯಲ್ಲಿ ಸಾಸಿವೆ ಮುಗಿದಿದೆ, ಎಣ್ಣೆ ಕಾದಿದೆ. ಹಳೇ ಡಬ್ಬಿಯ ತಳದಲ್ಲಿ ಸ್ವಲ್ಪ ಇರಬೇಕು ಅಂತ ಅಮ್ಮ ಗರಾಜಿಗೆ ಓಡಿಬಂದು, ನೋಡದೆ ನಾಲ್ಕು ಬೆರಳಲ್ಲಿ ಬಾಚಿಕೊಂಡು ಓಡಿದಳು. ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪನ ಬಾಯಿಂದ 'ಟಕ್' ಅಂತ ಶಬ್ದ ಬಂತು. ಅಪ್ಪ ಬಾಯಿಗೆ ಕೈ ಹಾಕಿ, ಹುಳಿಯಲ್ಲಿ ನೆಂದು ಹೊಳೆಯುತ್ತಿದ್ದ ಹಿತ್ತಾಳೆ ನಟ್ ತೆಗೆದು, "ಸಿಕ್ತು ಪುಟ್ಟಾ! ಬೆಳಗ್ಗಿಂದ ಹುಡುಕ್ತಿದ್ವಲ್ಲ!" ಅಂದ.

ಅಮ್ಮ ನನ್ನ ಕಡೆ ತಿರುಗಿ, "ಹಲ್ಲಿಗೇನೂ ಆಗ್ಲಿಲ್ವಾ ಅಂತ ಅಪ್ಪನ್ನ ಕೇಳು" ಅಂದಳು. ಅಪ್ಪ ಮೂರು ಅಡಿ ದೂರದಲ್ಲಿ ಕೂತಿದ್ದ.

"ಅಪ್ಪ, ಹಲ್ಲಿಗೇನಾದ್ರೂ ಆಯ್ತಾ?"

"ಏನಿಲ್ಲ ಅಂತ ಹೇಳು."

ಹೀಗೆ ನಾನು ಮೂರು ಅಡಿ ದೂರಕ್ಕೆ ಟಪಾಲು ಹಂಚುತ್ತಿದ್ದೆ. ಜಗಳ ಆಡುತ್ತಿದ್ದರು ಅಂದುಕೊಳ್ಳಬೇಡಿ. ಜಗಳ ಆಡುತ್ತಿದ್ದ ಕಾಲ ಒಂದಿತ್ತು. ಆಗ ಅಮ್ಮ, "ರೀ, ನಿಮಗೆ ಒಂದ್ಸಲ ಹೇಳಿದ್ರೆ ಅರ್ಥ ಆಗಲ್ವಾ" ಅಂತ ಶುರು ಮಾಡಿದರೆ ಪಕ್ಕದ ಮನೆಯ ನಾಯಿ ಎದ್ದು ಕೂರುತ್ತಿತ್ತು. ಈಗ ಆ 'ರೀ' ಹೋಗಿ, 'ಥ್ಯಾಂಕ್ಸ್' ಬಂದಿತ್ತು. ಅಪ್ಪ ಉಪ್ಪು ಸರಿಸಿದರೆ ಅಮ್ಮ ಥ್ಯಾಂಕ್ಸ್. ಅಮ್ಮ ಮಜ್ಜಿಗೆ ಇಟ್ಟರೆ ಅಪ್ಪ ಥ್ಯಾಂಕ್ಸ್. ನೀವೇ ಹೇಳಿ, ನಿಮ್ಮ ಮನೆಯಲ್ಲಿ ಯಾವತ್ತಾದರೂ ಗಂಡ ಹೆಂಡತಿ ಉಪ್ಪಿಗೆ ಥ್ಯಾಂಕ್ಸ್ ಹೇಳಿದ್ದು ಕೇಳಿದ್ದೀರಾ?

ಮುಂದಿನ ಚಕ್ರಗಳನ್ನು ಜೋಡಿಸಿದ ಶನಿವಾರ ಇಕ್ಕಳ ತರಲು ಅಪ್ಪನ ಕಾರಿನ ಹತ್ತಿರ ಹೋಗಿದ್ದೆ. ವಾಪಸ್ ಬರುವಾಗ ಗರಾಜಿನಿಂದ ಅಡುಗೆಮನೆಗೆ ಹೋಗುವ ಬಾಗಿಲು ಸ್ವಲ್ಪ ತೆರೆದಿತ್ತು. ಒಳಗೆ ಇಬ್ಬರೂ ಟಪಾಲಿನವಳಿಲ್ಲದೆ ನೇರವಾಗಿ ಮಾತಾಡುತ್ತಿದ್ದರು. ಖುಷಿಯಾಗಿ ನಿಂತೆ.

"ಪೇಪರ್ಸ್ ರೆಡಿ ಇದೆ ಅಂತ ಲಾಯರ್ ಫೋನ್ ಮಾಡಿದ್ರು," ಅಂದಳು ಅಮ್ಮ. "ಇವಳಿಗೆ ಯಾವಾಗ ಹೇಳೋದು?"

"ಎಂಜಿನ್ ಒಂದು ಮುಗೀಲಿ. ಅಷ್ಟು ಆಸೆಯಿಂದ ಕಟ್ತಿದಾಳೆ. ಮಧ್ಯದಲ್ಲಿ ಹೇಳಿ ಅದನ್ನೂ ಹಾಳು ಮಾಡೋದು ಬೇಡ. ಅದು ಓಡಿದ ದಿನ ಹೇಳೋಣ. ನಿಮ್ಮಮ್ಮಂಗೂ ಅವತ್ತೇ."

"ಸರಿ," ಅಂದಳು ಅಮ್ಮ. "ಥ್ಯಾಂಕ್ಸ್."

ನಾನು ಇಕ್ಕಳ ಹಿಡಿದುಕೊಂಡು ಮತ್ತೆ ಕಾರಿನವರೆಗೂ ಹೋಗಿ, ಜೋರಾಗಿ ಹಾಡಿಕೊಂಡು ವಾಪಸ್ ಬಂದೆ. ನನ್ನ ತಲೆ ಅಂಥ ಹೊತ್ತಿನಲ್ಲಿ ಚುರುಕಾಗಿ ಓಡುತ್ತದೆ, ಏನು ಮಾಡಲಿ. ಎಂಜಿನ್ ಮುಗಿದರೆ ತಾನೇ ಹೇಳುವುದು? ಮುಗಿಯದಿದ್ದರೆ?

ಸೋಮವಾರ ಸ್ಕೂಲಿನಿಂದ ಬಂದವಳೇ, ಅಮ್ಮ ಆಫೀಸಿನಿಂದ ಬರುವುದರೊಳಗೆ, ಸ್ಟೀರಿಂಗ್ ಚೈನ್ ಬಿಚ್ಚಿದೆ. ಅದಾದ ಮೇಲೆ ಅದೊಂದು ಕಲೆಯೇ ಆಯಿತು. ಒಂದೇ ಭಾಗವನ್ನು ಎರಡು ಸಲ ಬಿಚ್ಚುತ್ತಿರಲಿಲ್ಲ. ಪೂರ್ತಿ ತೆಗೆಯುತ್ತಲೂ ಇರಲಿಲ್ಲ. ಅರ್ಧ ಸುತ್ತು, ಮುಕ್ಕಾಲು ಸುತ್ತು, ಅಷ್ಟೇ. ಪಿಸ್ಟನ್ನಿನ ರಾಡ್ ಕೂದಲೆಳೆಯಷ್ಟು ಓರೆಯಾದರೂ ಸಾಕು, ಬಾಯ್ಲರ್ ಪಕ್ಕದ ಭಾರದ ಗಾಲಿ, ಫ್ಲೈವೀಲ್, ಒಂದು ಸುತ್ತು ಬಂದು ಕಕ್ ಅಂತ ನಿಲ್ಲುತ್ತದೆ. ಕಟ್ಟುವುದಕ್ಕೆ ಪುಸ್ತಕ ಕೊಟ್ಟಿದ್ದರು, ಕೆಡಿಸುವುದನ್ನು ನಾನು ಸ್ವಂತವಾಗಿ ಕಲಿತೆ.

ಅಪ್ಪ ಬಂದವನು ಮುಟ್ಟಿ ನೋಡಿ ಹುಬ್ಬು ಗಂಟಿಕ್ಕುತ್ತಿದ್ದ. ಅವನು ಓದಿದ್ದು ಮೆಕ್ಯಾನಿಕಲ್, ಮಾಡುವುದು ಸಾಫ್ಟ್‌ವೇರ್. "ಇದನ್ನ ಹೋದ್ಸಲ ನಾನೇ ಟೈಟ್ ಮಾಡಿದ್ದೆ ಅಲ್ವಾ?"

"ಟೆಕ್ಸಸ್ ಹೀಟ್ ಅಪ್ಪ. ಗರಾಜಲ್ಲಿ ಇಡ್ಲಿ ಬೇಯತ್ತೆ. ಹಿತ್ತಾಳೆ ಹಿಗ್ಗಿದೆ."

"ಜನವರೀಲೂನಾ?"

"ಜನವರೀಲಿ ಕುಗ್ಗಿದೆ."

ಅಪ್ಪ ನನ್ನನ್ನೇ ನೋಡಿ, "ಹೌದಾ, ಇರ್ಬೋದು" ಅಂದು, ಮೊದಲಿಂದ ಬಿಚ್ಚಿ ಜೋಡಿಸುತ್ತಿದ್ದ. ಇಷ್ಟು ದಡ್ಡ ಇಂಜಿನಿಯರ್‌ಗೆ ಡಿಗ್ರಿ ಕೊಟ್ಟವರಾದರೂ ಯಾರು ಅಂತ ನನಗೆ ಒಳಗೇ ನಗು. ಒಂಬತ್ತು ಸಲ ಹೀಗಾಯಿತು.

ಅಷ್ಟರಲ್ಲಿ ಮೈಸೂರಿನಿಂದ ಅಜ್ಜಿ ಬಂದಳು, ಅಮ್ಮನ ಅಮ್ಮ. ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯಲ್ಲಿ ನಮ್ಮ ದೊಡ್ಡಮ್ಮನ ಮನೆ. ಅಜ್ಜಿ ಅಲ್ಲಿ ಇಳಿದ ಮೂರನೇ ದಿನಕ್ಕೇ ಸತ್ಯನಾರಾಯಣ ಪೂಜೆಗೆ ದಿನ ಗೊತ್ತು ಮಾಡಿ ಫೋನ್ ಮಾಡಿದಳು. "ಈ ಸಲ ಪೂಜೆಗೆ ನೀನು, ಅಳಿಯಂದ್ರು ಕೂತ್ಕೊಳ್ಳಿ. ಪಾಪ, ಆ ಊರಲ್ಲೊಬ್ರು ಈ ಊರಲ್ಲೊಬ್ರು, ಒಟ್ಟಿಗೆ ಕೂತು ಎಷ್ಟು ದಿನ ಆಯ್ತೋ."

ಸತ್ಯನಾರಾಯಣ ಪೂಜೆಗೆ ದಂಪತಿ ಕೂರಬೇಕು. ಕೂರುವುದಿಲ್ಲ ಅಂದರೆ ಯಾಕೆ ಅಂತ ಹೇಳಬೇಕು. ಅಮ್ಮ ಫೋನ್ ಹಿಡಿದುಕೊಂಡು ಗೋಡೆ ನೋಡಿದಳು. "ಆಯ್ತಮ್ಮ" ಅಂದಳು.

ನನಗೆ ಆ ವಾರ ಪೂರ್ತಿ ನಿದ್ದೆ ಇಲ್ಲ, ಖುಷಿಗೆ. ಎಂಜಿನ್ನನ್ನೂ ಕಾರಿನಲ್ಲಿ ಹಾಕಿಕೊಂಡೆ. ಅಜ್ಜಿಯ ಮುಂದೆ ಜಂಬ ಕೊಚ್ಚಲು ಒಂದು ನೆಪ ಬೇಕಲ್ಲ. ಬಾಯ್ಲರ್ ಕೆಳಗೆ ಉರಿಸುವುದಕ್ಕೆ ಕಿಟ್ ಜೊತೆ ಬಿಳಿ ಇಂಧನದ ಬಿಲ್ಲೆಗಳು ಬಂದಿದ್ದವು. ಅವುಗಳ ರಟ್ಟಿನ ಪೊಟ್ಟಣ ಹರಿದಿತ್ತು, ಒಂದು ಸ್ಟೀಲ್ ಡಬ್ಬಿಗೆ ತುಂಬಿಕೊಂಡೆ. ನಾನು, ಅಮ್ಮ ಆಸ್ಟಿನ್ ಕಡೆಯಿಂದ ಒಂದು ಕಾರಿನಲ್ಲಿ, ಅಪ್ಪ ಡಲ್ಲಾಸ್‌ನಿಂದ ಇನ್ನೊಂದು ಕಾರಿನಲ್ಲಿ ಹೋಗಿ ಸೇರಿದೆವು.

ಅಜ್ಜಿ ಎಂಜಿನ್ ನೋಡಿ, "ರೈಲಾ?" ಅಂದಳು. ಭಾಷಣ ಒಪ್ಪಿಸಿದೆ. ಪೂರ್ತಿ ಕೇಳಿ, "ಏನಾದ್ರೂ ಇರ್ಲಿ, ಹೊಸ ಯಂತ್ರ. ಪೂಜೆ ಆಗ್ದೆ ಓಡಿಸ್ಬಾರ್ದು" ಅಂತ ಬಾಯ್ಲರಿಗೆ ಕುಂಕುಮ ಹಚ್ಚಿ, ಹೊಗೆಕೊಳವೆಗೆ ಸೇವಂತಿಗೆ ಸಿಕ್ಕಿಸಿ, ಕಲಶದ ಪಕ್ಕದಲ್ಲೇ ಕೂರಿಸಿದಳು. ನಾನು ಬಿಲ್ಲೆಯ ಡಬ್ಬಿಯನ್ನೂ ಅಲ್ಲೇ ಇಟ್ಟೆ, ಇಂಧನಕ್ಕೂ ಸ್ವಲ್ಪ ಆಶೀರ್ವಾದ ಇರಲಿ ಅಂತ.

ಭಟ್ಟರು ಅಮ್ಮನ ಸೆರಗಿಗೂ ಅಪ್ಪನ ಶಲ್ಯಕ್ಕೂ ಗಂಟು ಹಾಕಿಸಿದರು. "ಸಂಕಲ್ಪ ಮಾಡ್ಬೇಕು. ಅಮ್ಮಾ, ಯಜಮಾನರ ಕೈ ಮುಟ್ಕೊಳಿ." ಅಮ್ಮ ಒಂದು ಬೆರಳಿನಿಂದ ಮುಟ್ಟಿದಳು, ಇಸ್ತ್ರಿ ಪೆಟ್ಟಿಗೆ ಕಾದಿದೆಯೇ ಅಂತ ನೋಡುವ ಹಾಗೆ. "ಸರಿಯಾಗಿ ಮುಟ್ಕೊಳಿ," ಅಂದರು ಭಟ್ಟರು. ಅಮ್ಮ ಮುಟ್ಟಿದಳು. ಅಪ್ಪ ನೆಲ ನೋಡುತ್ತಿದ್ದ. ಐದು ಅಧ್ಯಾಯದ ಕಥೆಯಲ್ಲಿ ನಾನು ಕೇಳಿಸಿಕೊಂಡದ್ದು ಒಂದೂ ಇಲ್ಲ. ಆ ಗಂಟನ್ನೇ ಕಾಯುತ್ತಿದ್ದೆ.

ಮಂಗಳಾರತಿ ಹೊತ್ತಿಗೆ ದೊಡ್ಡಮ್ಮ ಅವಸರದಲ್ಲಿ ಕೈಗೆ ಸಿಕ್ಕ ಡಬ್ಬಿ ತೆಗೆದು, ಮೂರು ಬಿಳಿ ಬಿಲ್ಲೆ ತಟ್ಟೆಗೆ ಹಾಕಿ ಹಚ್ಚಿದಳು. ಅಪ್ಪ, ಅಮ್ಮ ಇಬ್ಬರೂ ತಟ್ಟೆ ಹಿಡಿದು ಎತ್ತಿದರು. ಗಂಟೆ, ಹಾಡು. ಕರ್ಪೂರ ಆಗಿದ್ದರೆ ಹಾಡಿನ ಜೊತೆ ಮುಗಿಯಬೇಕಿತ್ತು. ಹಾಡು ಮುಗಿಯಿತು, ಉರಿ ಮುಗಿಯಲಿಲ್ಲ. ದೊಡ್ಡಮ್ಮ ಇನ್ನೊಂದು ಹಾಡು ಎತ್ತಿದಳು. ಅದೂ ಮುಗಿಯಿತು. ಭಟ್ಟರು ಗಂಟೆ ಹೊಡೆದು ಹೊಡೆದು ಕೈ ಬದಲಾಯಿಸಿದರು. ಅಷ್ಟರಲ್ಲಿ ವಾಸನೆ ಶುರುವಾಯಿತು. ಆ ಬಿಲ್ಲೆ ಉರಿದರೆ ಮೀನು ಹುರಿದ ಹಾಗೆ ನಾರುತ್ತದೆ. ಇದನ್ನು ನಾನು ಭಾಷಣದಲ್ಲಿ ಸೇರಿಸಿರಲಿಲ್ಲ.

ಅಜ್ಜಿ ಮೂಗು ಎತ್ತಿ ನಾಲ್ಕೂ ದಿಕ್ಕು ನೋಡಿದಳು. "ಪಕ್ಕದ್ಮನೆಯವ್ರು ಏನೋ ಹುರೀತಿದಾರೆ ಕಣೇ. ಇವತ್ತೇ ಆಗ್ಬೇಕಿತ್ತಾ?"

"ಕಿಟಕಿ ಹಾಕಿದೀನಮ್ಮ," ಅಂದಳು ದೊಡ್ಡಮ್ಮ.

"ಹಾಗಾದ್ರೆ ಒಳಗಿಂದಾನೇ ಬರ್ತಿದೆ!"

ಎಲ್ಲರೂ ತಟ್ಟೆ ನೋಡಿದರು. ಅಪ್ಪ ನನ್ನ ಡಬ್ಬಿ ನೋಡಿದ, ಆಮೇಲೆ ನನ್ನನ್ನು. ನಾನು ದೇವರನ್ನು ನೋಡಿದೆ. ಅಪ್ಪ ಬಗ್ಗಿ ಅಮ್ಮನ ಕಿವಿಯಲ್ಲಿ ಏನೋ ಹೇಳಿದ. ಅಮ್ಮನ ಭುಜ ಅಲ್ಲಾಡತೊಡಗಿತು. ನಗು ತಡೆದುಕೊಂಡು ತಡೆದುಕೊಂಡು, ಕೊನೆಗೆ "ರೀ, ತಟ್ಟೆ ಬಿದ್ದೋಗತ್ತೆ, ಹಿಡ್ಕೊಳ್ರೀ!" ಅಂತ ಬಗ್ಗಿಬಿಟ್ಟಳು. ಗಂಟು ಎಳೆದು ಅಪ್ಪನೂ ಬಗ್ಗಿದ. ಇಬ್ಬರೂ ಕಣ್ಣೀರು ಬರುವ ಹಾಗೆ ನಕ್ಕರು.

ರೀ ಅಂದಳು. ನೀವೂ ಕೇಳಿಸಿಕೊಂಡಿರಿ ತಾನೇ? ನಾನು ಕೇಳಿಸಿಕೊಂಡೆ. ಎಲ್ಲ ಸರಿಹೋಯಿತು ಅಂದುಕೊಂಡೆ.

ಊಟವಾದ ಕೂಡಲೇ ಎಂಜಿನ್ ಎತ್ತಿಕೊಂಡು ದೊಡ್ಡಮ್ಮನ ಡ್ರೈವ್‌ವೇಗೆ ಹೋದೆ. ಎಲ್ಲೆಲ್ಲಿ ಸಡಿಲ ಮಾಡಿದ್ದೆನೋ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅರ್ಧ ಸುತ್ತು, ಮುಕ್ಕಾಲು ಸುತ್ತು, ಎಲ್ಲ ಬಿಗಿದೆ. ಬಾಯ್ಲರಿಗೆ ನೀರು ತುಂಬಿ, ಉಳಿದ ಬಿಲ್ಲೆಗಳನ್ನು ಹಚ್ಚಿದೆ. ಹತ್ತು ನಿಮಿಷಕ್ಕೆ ಒಳಗೆ ಗುಳುಗುಳು ಶುರುವಾಯಿತು. ಫ್ಲೈವೀಲನ್ನು ಬೆರಳಿನಿಂದ ತಳ್ಳಿದೆ. ಎರಡು ಸಲ ನೀರು ಉಗುಳಿತು, ಒಂದು ಸಲ ಕೆಮ್ಮಿತು, ನಾಲ್ಕನೇ ಸಲಕ್ಕೆ ಹೊರಟಿತು. ಚಫ್, ಚಫ್, ಚಫ್. ಸೇವಂತಿಗೆ ಮುಡಿದುಕೊಂಡು, ಕುಂಕುಮ ಹಚ್ಚಿಕೊಂಡು, ಮೀನಿನ ವಾಸನೆ ಬಿಡುತ್ತ ಮಿಸೌರಿ ಸಿಟಿಯಲ್ಲಿ ನಡೆಯಿತು. ಅಜ್ಜಿ ಸೀರೆ ಎತ್ತಿಕೊಂಡು ಪಕ್ಕದಲ್ಲೇ ನಡೆದಳು. ಇಬ್ಬರದೂ ಒಂದೇ ಸ್ಪೀಡು.

"ಅಪ್ಪಾ! ಅಮ್ಮಾ! ಮುಗೀತು! ಬನ್ನಿ, ಓಡ್ತಿದೆ!"

ಕೂಗಿದವಳು ನಾನೇ.

ಇಬ್ಬರೂ ಬಾಗಿಲಿಗೆ ಬಂದರು. ಅಮ್ಮನ ಮುಖದಲ್ಲಿ ಇನ್ನೂ ನಗು ಸ್ವಲ್ಪ ಉಳಿದಿತ್ತು. ಓಡುವ ಎಂಜಿನ್ನನ್ನು ನೋಡಿದರು, ಆಮೇಲೆ ಒಬ್ಬರನ್ನೊಬ್ಬರು ನೋಡಿಕೊಂಡರು. ಹಲ್ಲಿನ ಡಾಕ್ಟರ್ ಹತ್ತಿರ ಕಾಯುತ್ತ ಕೂತಾಗ ನಮ್ಮ ಹೆಸರು ಕರೆಯುತ್ತಾರಲ್ಲ, ಆಗ ನೋಡಿಕೊಳ್ಳುವ ಹಾಗೆ. ಸೆರಗಿನ ಗಂಟನ್ನು ಅವರು ಆಗಲೇ ಬಿಚ್ಚಿದ್ದರು. ಅಮ್ಮ, "ಅಮ್ಮಾ, ಒಳಗ್ ಬಾ ಸ್ವಲ್ಪ, ಮಾತಾಡ್ಬೇಕು" ಅಂತ ಅಜ್ಜಿಯನ್ನು ಕರೆದುಕೊಂಡು ಹೋದಳು.

ಅಪ್ಪ ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತ. "ಪುಟ್ಟಾ, ನಿಂಗೊಂದು ವಿಷ್ಯ ಹೇಳ್ಬೇಕು."

"ಗೊತ್ತು."

"ಯಾವಾಗಿಂದ?"

"ಮುಂದಿನ ಚಕ್ರ ಹಾಕಿದ್ದಿನದಿಂದ."

ಎಂಜಿನ್ ಹುಲ್ಲಿನ ಅಂಚಿಗೆ ಹೋಗಿ ಮುಟ್ಟಿ, ಚಕ್ರ ನಿಂತಲ್ಲೇ ತಿರುಗುತ್ತಿತ್ತು. "ನೀನು ಬಿಚ್ತಾ ಇದ್ದಿದ್ದು ನಂಗೂ ಗೊತ್ತಿತ್ತು," ಅಂದ.

"ಮತ್ಯಾಕೆ ಸುಮ್ನಿದ್ದೆ?"

"ನೀನು ಬಿಚ್ಚದೇ ಇದ್ದಿದ್ರೆ ನಾನು ಬಿಚ್ಬೇಕಾಗ್ತಿತ್ತು."

"ಹಾಗಾದ್ರೆ ಈಗಲೂ ಬಿಚ್ಚೋಣ. ಸ್ಕ್ರೂಡ್ರೈವರ್ ಇದೆ."

"ಇಲ್ಲ ಪುಟ್ಟಾ."

"ಆರತೀಲಿ ನಕ್ರಲ್ಲ, ಇಬ್ರೂ."

"ನಕ್ವಿ. ನಗು ಬಂತು, ನಕ್ವಿ," ಅಂದ ಅಪ್ಪ. ಅವನ ಕಣ್ಣು ಕೆಂಪಾಗಿತ್ತು. ಹೊಗೆ ಅಂತ ಹೇಳಿದ. ನಮ್ಮ ವಂಶದಲ್ಲಿ ಅವಸರದ ಸುಳ್ಳು ಯಾರಿಗೂ ಬರುವುದಿಲ್ಲ.

ಉರಿ ಆರಿತು. ನಾನು ಕೈ ತೊಳೆಯಲು ಒಳಗೆ ಹೋದೆ. ಅಡುಗೆಮನೆಯಲ್ಲಿ ಅಜ್ಜಿ ಒಬ್ಬಳೇ ಇದ್ದಳು, ಬೆನ್ನು ನನ್ನ ಕಡೆಗೆ. ಅವಳು ಅಳುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಪ್ರಸಾದದ ಸಜ್ಜಿಗೆಯ ಪಾತ್ರೆ ಮುಂದಿಟ್ಟುಕೊಂಡು ನಿಂತಿದ್ದಳು. ಪ್ರತಿ ಸಲ ಊರಿಂದ ಬಂದಾಗ ನಮ್ಮ ಮನೆಗೆ ಅಂತ ಒಂದು ದೊಡ್ಡ ಡಬ್ಬಿ ತುಂಬಿಕೊಡುವುದು ಅವಳ ಪದ್ಧತಿ. ಈಗ ಕಟ್ಟೆಯ ಮೇಲೆ ಎರಡು ಸಣ್ಣ ಡಬ್ಬಿಗಳಿದ್ದವು. ಅಜ್ಜಿ ಒಂದಕ್ಕೊಂದು ಸೌಟು ಹಾಕಿ, ಇನ್ನೊಂದಕ್ಕೊಂದು ಸೌಟು ಹಾಕಿ, ಎರಡರಲ್ಲೂ ಗೋಡಂಬಿ ಸಮ ಇದೆಯೇ ಅಂತ ಬಗ್ಗಿ ನೋಡಿದಳು. ನನ್ನ ಹೆಜ್ಜೆ ಕೇಳಿ ತಿರುಗಿದಳು. ಸೌಟು ಕೈಯಲ್ಲೇ ಇತ್ತು.

"ನಿಂದು ಯಾವ್ದಕ್ಕೆ ಹಾಕ್ಲಿ, ಪುಟ್ಟೀ?"

ಎರಡು ಡಬ್ಬಿಗಳನ್ನೂ ನೋಡಿದೆ.

"ಇಲ್ಲೇ ತಿಂತೀನಿ ಅಜ್ಜಿ," ಅಂದು ಕೈ ಒಡ್ಡಿದೆ.

ಅವಳು ಅಂಗೈ ತುಂಬ ಹಾಕಿದಳು. ತುಪ್ಪ ಬೆರಳ ಸಂದಿಯಿಂದ ಮಣಿಕಟ್ಟಿಗೆ ಇಳಿಯಿತು. ನಿಂತುಕೊಂಡೇ, ಒಂದೊಂದು ಕಾಳನ್ನೂ ಅಗಿದು ತಿಂದೆ. ಹೊರಗೆ ಒಂದು ಕಾರು ಸ್ಟಾರ್ಟ್ ಆಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದೂ ಆಯಿತು.

"ಇನ್ನೊಂದ್ ಸ್ವಲ್ಪ ಹಾಕಜ್ಜಿ," ಅಂದೆ.